ಸ್ಟೀಪ್ ಸ್ಪೈರಲ್: ಆಲೆಮನೆ ಹೊಗೆ ನೋಡಿಕೊಂಡು ಇಳಿಯುವುದು

ಪ್ರಶ್ನೆ: ನಾನು ಮೈಸೂರಿನವನು, ಹೊಸದಾಗಿ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ಸೆಸ್ನಾ 172 ಅನ್ನುವ ಪುಟ್ಟ ವಿಮಾನದಲ್ಲಿ ಒಬ್ಬ ಹುಡುಗನಿಗೆ ಸ್ಟೀಪ್ ಸ್ಪೈರಲ್ ಹೇಳಿಕೊಡುತ್ತಿದ್ದೇನೆ. ಒಂದೇ ಸುತ್ತಿನಲ್ಲಿ ಅವನ ವೇಗ ಒಂದು ಕಡೆ 80 ನಾಟ್‌ಗೆ ಏರುತ್ತದೆ, ಇನ್ನೊಂದು ಕಡೆ 60ಕ್ಕಿಂತ ಕೆಳಗೆ ಬರುತ್ತದೆ. ಮೂರನೇ ಸುತ್ತು ಮುಗಿಯುವಾಗ ಗುರುತು ಎಲ್ಲೋ, ನಾವೆಲ್ಲೋ. ಎಲ್ಲಿ ತಪ್ಪುತ್ತಿದೆ?

ಉತ್ತರ: ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಎಂಜಿನ್ ಐಡಲ್‌ಗೆ, ಅಂದರೆ ತೀರಾ ಕಡಿಮೆ ಶಕ್ತಿಗೆ ಇಳಿಸಿ, ನೆಲದ ಮೇಲಿನ ಒಂದು ಗುರುತಿನ ಸುತ್ತ ಒಂದೇ ದೂರದಲ್ಲಿ ಕನಿಷ್ಠ ಮೂರು ಸುತ್ತು ಹಾಕುತ್ತಾ ಇಳಿಯುವುದು ಸ್ಟೀಪ್ ಸ್ಪೈರಲ್. ಎಂಜಿನ್ ನಿಂತಾಗ ಒಳ್ಳೆಯ ಬಯಲು ನೇರ ಕೆಳಗೇ ಇದ್ದರೆ, ಅದನ್ನು ಬಿಟ್ಟು ಹೋಗದೆ ಇಳಿಯುವ ದಾರಿ ಇದು. ಅಮೆರಿಕದ ಕಮರ್ಷಿಯಲ್ ಪೈಲಟ್ ಪರೀಕ್ಷೆಯಲ್ಲಿ ಇದನ್ನು ಮಾಡಿ ತೋರಿಸಲು ಕೇಳಬಹುದು. ಬ್ಯಾಂಕ್, ಅಂದರೆ ರೆಕ್ಕೆ ವಾಲುವ ಕೋನ, 60 ಡಿಗ್ರಿ ದಾಟಬಾರದು, ವೇಗ 10 ನಾಟ್‌ಗಿಂತ ಜಾಸ್ತಿ ಆಚೀಚೆ ಆಗಬಾರದು, ನೆಲದಿಂದ 1,500 ಅಡಿ ಮೇಲೆಯೇ ಮುಗಿಯಬೇಕು.

ಈಗ ನಿಮ್ಮ ಹುಡುಗನ ವಿಷಯ. ವೇಗ ಏರಿಳಿಯಲು ಬ್ಯಾಂಕ್ ಕಾರಣ ಅಲ್ಲ ಅನ್ನಿಸುತ್ತದೆ, ಕೈ ಹಿಂದೆ ಬೀಳುತ್ತಿದೆ. ಬ್ಯಾಂಕ್ ಜಾಸ್ತಿ ಮಾಡಿದ ಕೂಡಲೇ ಮೂತಿ ಕೆಳಗೆ ಜಾರುತ್ತದೆ. ಆಗ ಯೋಕ್ (ವಿಮಾನ ನಡೆಸುವ ಹಿಡಿಕೆ) ಸ್ವಲ್ಪ ಎಳೆಯದಿದ್ದರೆ ವೇಗ 80ಕ್ಕೆ ಹೋಗುತ್ತದೆ. ಬ್ಯಾಂಕ್ ಕಡಿಮೆ ಮಾಡುವಾಗ ಆ ಎಳೆತ ಬಿಡಬೇಕು, ಅವನು ಬಿಡುತ್ತಿಲ್ಲ. ಅದಕ್ಕೇ ಗಾಳಿಗೆ ಎದುರಾದಾಗ ವೇಗ ಸಾಯುತ್ತದೆ. ಶುರುವಿಗೆ ಮೊದಲೇ ಗ್ಲೈಡ್ ವೇಗಕ್ಕೆ, ಅಂದರೆ ಎಂಜಿನ್ ಬಲವಿಲ್ಲದೆ ತೇಲಿ ಇಳಿಯುವ ವೇಗಕ್ಕೆ, ಟ್ರಿಮ್ ಮಾಡಿಸಿ (ಕೈ ಒತ್ತದೆಯೇ ಆ ವೇಗ ನಿಲ್ಲುವಂತೆ ಹೊಂದಿಸುವುದು), ಸುತ್ತಿನ ನಡುವೆ ಟ್ರಿಮ್ ಚಕ್ರ ಮುಟ್ಟಲು ಬಿಡಬೇಡಿ. ಯೋಕನ್ನು ಎರಡು ಬೆರಳು, ಒಂದು ಹೆಬ್ಬೆರಳಲ್ಲಿ ಹಿಡಿಯಲಿ. ಮುಷ್ಟಿ ಬಿಗಿ ಹಿಡಿದವನಿಗೆ ಒತ್ತಡ ಬದಲಾಗಿದ್ದು ತಿಳಿಯುವುದೇ ಇಲ್ಲ.

ಇನ್ನು ಗುರುತು ತಪ್ಪುವ ವಿಷಯ. ಬ್ಯಾಂಕ್ ಯಾಕೆ ಬದಲಾಗಬೇಕು ಅನ್ನುವುದು ಅವನಿಗೆ ಮನಸ್ಸಿನಲ್ಲಿ ಕೂತಿದೆಯಾ, ಕೇಳಿ ನೋಡಿ. ಹಿಂದೆ ಆಲೆಮನೆಯಲ್ಲಿ ಎತ್ತು ಗಾಣದ ಸುತ್ತ ತಿರುಗುತ್ತಿತ್ತಲ್ವಾ? ನೊಗಕ್ಕೆ ಕಟ್ಟಿದ ಮರವೇ ಅದರ ದೂರ ಕಾಯುತ್ತಿತ್ತು. ನಮಗೆ ಆ ಮರ ಇಲ್ಲ, ಗಾಳಿ ತಳ್ಳುತ್ತಲೇ ಇರುತ್ತದೆ. ಲೆಕ್ಕ ಹಾಕಿ ತೋರಿಸಿ: ಗಾಳಿಯೊಳಗೆ ವಿಮಾನದ ನಿಜವಾದ ವೇಗ 75 ನಾಟ್, ಗಾಳಿ 15 ಅಂತಿಟ್ಟುಕೊಳ್ಳಿ. ಗಾಳಿ ಬೆನ್ನಿಗಿದ್ದಾಗ ನೆಲದ ಮೇಲೆ 90 ನಾಟ್, ಎದುರಾದಾಗ 60. ಬೆನ್ನಿಗಿದ್ದಾಗ 50 ಡಿಗ್ರಿ ವಾಲಿಸಿದರೆ, ಗುರುತಿನಿಂದ ಅದೇ ದೂರ ಉಳಿಸಲು ಎದುರುಗಾಳಿಯಲ್ಲಿ ಸುಮಾರು 28 ಡಿಗ್ರಿ ಸಾಕು. ಆಷಾಢದ ಗಾಳಿಯಲ್ಲಿ ಈ ಅಂತರ ಇನ್ನೂ ದೊಡ್ಡದಾಗುತ್ತದೆ. ಕೆಳಗೆ ಇಳಿದಂತೆ ಸಾಮಾನ್ಯವಾಗಿ ಗಾಳಿ ಕಡಿಮೆಯಾಗುತ್ತದೆ, ದಿಕ್ಕೂ ತಿರುಗುತ್ತದೆ. ಹಾಗಾಗಿ ಮೊದಲ ಸುತ್ತಿನ ಬ್ಯಾಂಕ್ ಬಾಯಿಪಾಠ ಮಾಡಿಕೊಂಡರೆ ಮೂರನೇ ಸುತ್ತಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

60 ಡಿಗ್ರಿ ತನಕ ಹೋಗಬಹುದು ಅಂತ ಹೋಗಬೇಡಿ. 172ರ ಎಸ್ ಮಾದರಿ ಫ್ಲಾಪ್ (ರೆಕ್ಕೆಯ ಹಿಂದಿನ ಮಡಿಕೆ) ಇಳಿಸದೆ ಸುಮಾರು 48 ನಾಟ್‌ಗೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದು ತಪ್ಪುತ್ತದೆ. 60 ಡಿಗ್ರಿಯಲ್ಲಿ ಆ ಅಂಕಿ 1.41 ಪಟ್ಟು, ಅಂದರೆ 68. ಅದರ ಬೆಸ್ಟ್ ಗ್ಲೈಡ್ ವೇಗವೂ (ಎಂಜಿನ್ ಇಲ್ಲದೆ ಅತಿ ದೂರ ತೇಲುವ ವೇಗ) 68! ಎರಡರ ನಡುವೆ ಏನೂ ಉಳಿಯಲಿಲ್ಲ. ನಾನು 50 ದಾಟಲು ಬಿಡುವುದಿಲ್ಲ.

ಗುರುತಿಗೆ ಮಂಡ್ಯ ಕಡೆ ಆಲೆಮನೆಯ ಶೀಟ್ ಚಾವಣಿ ಹುಡುಕಿ. ಕಬ್ಬಿನ ಗದ್ದೆಗಳೆಲ್ಲ ಮೇಲಿಂದ ಒಂದೇ ಥರ ಕಾಣುತ್ತವೆ, ಚಾವಣಿ ಮಾತ್ರ ಎದ್ದು ಕಾಣುತ್ತದೆ. ಕೊಪ್ಪರಿಗೆ ಕಾಯುತ್ತಿದ್ದರೆ ಹೊಗೆಯೇ ನೆಲಮಟ್ಟದ ಗಾಳಿ ತೋರಿಸಿಕೊಡುತ್ತದೆ. ಮೊದಲು ಎಡಕ್ಕೇ ಸುತ್ತಿಸಿ. ಹುಡುಗ ಎಡ ಸೀಟಿನಲ್ಲಿ ಇರುವುದರಿಂದ ಗುರುತು ರೆಕ್ಕೆಯ ಕೆಳಗೆ ಅವನ ಕಣ್ಣಿಗೇ ಬೀಳುತ್ತದೆ. ಮೀಟರ್ ಮೇಲೆ ಒಂದು ನೋಟ, ಆಚೆ ನಾಲ್ಕು ನೋಟ.

ಎತ್ತರದ ಲೆಕ್ಕ ತಪ್ಪಿಸಬೇಡಿ. ನಮ್ಮ ಸೀಮೆಯ ನೆಲವೇ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಮೇಲಿದೆ. ಆಲ್ಟಿಮೀಟರ್ (ಎತ್ತರ ತೋರಿಸುವ ಮೀಟರ್) ಸಮುದ್ರಮಟ್ಟದ ಲೆಕ್ಕ ಹೇಳುವಾಗ 3,800 ಅಡಿಗೇ ಸ್ಪೈರಲ್ ಮುಗಿದಿರಬೇಕು. ಒಂದು ಸುತ್ತಿಗೆ ಹೆಚ್ಚುಕಡಿಮೆ 500ರಿಂದ 600 ಅಡಿ ಹೋಗುತ್ತದೆ. ಅದಕ್ಕೇ 6,300ರಲ್ಲಿ ಶುರು ಮಾಡಿ. ಪ್ರತಿ ಸುತ್ತಿನಲ್ಲೂ ಎದುರುಗಾಳಿಗೆ ಬಂದಾಗ ಒಂದು ಕ್ಷಣ ಥ್ರಾಟಲ್ ಕೊಟ್ಟು ಎಂಜಿನ್ ತಣ್ಣಗಾಗದಂತೆ ನೋಡಿಕೊಳ್ಳಿ. ಕಾರ್ಬ್ಯುರೇಟರ್ ಇರುವ ವಿಮಾನವಾದರೆ ಮಳೆಗಾಲದಲ್ಲಿ ಕಾರ್ಬ್ ಹೀಟ್ (ಅದರೊಳಗೆ ಮಂಜುಗಡ್ಡೆ ಕಟ್ಟದಂತೆ ಬಿಸಿ ಗಾಳಿ ಬಿಡುವುದು) ಮರೆಯಬೇಡಿ.

ಇನ್ನೊಂದು ವಾರ ಹಿಂದಿನ ಪಾಠಗಳಿಗೇ ಹೋಗಿ. ಬರೀ ಗ್ಲೈಡ್, ಆಮೇಲೆ 30 ಡಿಗ್ರಿಯ ಗ್ಲೈಡ್ ತಿರುವು, ಆಮೇಲೆ ಪವರ್ ಇಟ್ಟುಕೊಂಡು ಗುರುತಿನ ಸುತ್ತ. ಇವು ಮೂರೂ ಬಂದ ಮೇಲೆ ಜೋಡಿಸಿ.

ಪ್ರಶ್ನೆ: ಮಗಳು ಪೈಲಟ್ ತರಬೇತಿಯಲ್ಲಿದ್ದಾಳೆ. ಸುತ್ತುತ್ತಾ ಕೆಳಗೆ ಇಳಿಯುವುದನ್ನು ಕಲಿಸುತ್ತಿದ್ದಾರಂತೆ. ವಿಮಾನಗಳು ಹೀಗೇ ಬೀಳುತ್ತವೆ ಅಂತ ಕೇಳಿದ್ದೇನೆ. ನನಗೆ ನಿದ್ದೆ ಬರುತ್ತಿಲ್ಲ. – ಮಂಡ್ಯದ ತಾಯಿ

ಉತ್ತರ: ಅಮ್ಮಾ, ನೀವು ಕೇಳಿರುವುದು ಸ್ಪೈರಲ್ ಡೈವ್, ಅದು ಬೇರೆ. ಅದರಲ್ಲಿ ಪೈಲಟ್‌ಗೆ ಗೊತ್ತಾಗದೆ ರೆಕ್ಕೆ ವಾಲುತ್ತದೆ, ವೇಗ ಏರುತ್ತಾ ಹೋಗುತ್ತದೆ. ಗಾಬರಿಯಲ್ಲಿ ಯೋಕ್ ಎಳೆದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. ಪವರ್ ತೆಗೆದು, ಮೊದಲು ರೆಕ್ಕೆ ಸಮ ಮಾಡಿ, ಆಮೇಲೆ ನಿಧಾನವಾಗಿ ಮೂತಿ ಎತ್ತಬೇಕು. ನಿಮ್ಮ ಮಗಳು ಕಲಿಯುತ್ತಿರುವುದರಲ್ಲಿ ವೇಗ, ಬ್ಯಾಂಕ್, ಎತ್ತರ ಮೂರೂ ಅವಳ ಕೈಯಲ್ಲಿರುತ್ತವೆ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೈಯಲ್ಲೂ ಕಂಟ್ರೋಲ್ ಇರುತ್ತದೆ. ತಲೆ ಸುತ್ತಬಹುದು, ಅದು ಸಹಜ. ಹಾಗಾದರೆ ಸುಮ್ನೆ ಸಹಿಸಿಕೊಳ್ಳದೆ ತಕ್ಷಣ ಇನ್‌ಸ್ಟ್ರಕ್ಟರ್‌ಗೆ ಹೇಳಲು ಹೇಳಿ. ಬೆಳಗಿನ ಹಾರಾಟಕ್ಕೆ ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ, ಎರಡು ಇಡ್ಲಿ ಸಾಕು.