‘ಕೆಚ್ಚಿಲ್ಲದ ಹುಡುಗರು’ ಅನ್ನಬೇಡಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಕಾಲೇಜಿನ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಾಳೆ. ಅವರ ಫುಟ್‌ಬಾಲ್ ತಂಡ ಈ ಸಲ ಒಂದು ಪಂದ್ಯವನ್ನೂ ಗೆದ್ದಿಲ್ಲ. ಆದರೂ ಪ್ರತಿ ಶನಿವಾರ ಹೊರಟುಬಿಡುತ್ತಾಳೆ. ಕೆಚ್ಚಿಲ್ಲದ ಹುಡುಗರಿಗಾಗಿ ಇವಳೇಕೆ ರಜೆ ಹಾಳು ಮಾಡಿಕೊಳ್ಳಬೇಕು? ನೀವಾದರೂ ಬುದ್ಧಿ ಹೇಳಿ.”

ಮಾನ್ಯರೇ,

ಮಗಳಿಗೆ ಬುದ್ಧಿ ಹೇಳಲು ನನಗೆ ಮನಸ್ಸಿಲ್ಲ. ‘ಕೆಚ್ಚಿಲ್ಲದ’ ಅನ್ನುವ ಮಾತನ್ನು ನೀವು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಮಾತ್ರ ಕೇಳಿಕೊಳ್ಳುತ್ತೇನೆ. ಅದಕ್ಕೆ ಟೆಕ್ಸಸ್‌ನ ಪ್ರೇರಿ ವ್ಯೂ ಎ ಅಂಡ್ ಎಂ ವಿಶ್ವವಿದ್ಯಾಲಯದ ಕಥೆ ಹೇಳಬೇಕು.

ಹ್ಯೂಸ್ಟನ್ ನಗರದಿಂದ ವಾಯವ್ಯಕ್ಕಿರುವ ಇದು ಕಪ್ಪು ವರ್ಣೀಯರ ಓದಿಗೆಂದೇ 1876ರಲ್ಲಿ ಹುಟ್ಟಿದ ಸಂಸ್ಥೆ. ಬಿಲ್ಲಿ ನಿಕ್ಸ್ ಕೋಚ್ ಆಗಿದ್ದ 1950–60ರ ದಶಕಗಳಲ್ಲಿ ಕಪ್ಪು ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್‌ನ ರಾಷ್ಟ್ರೀಯ ಪಟ್ಟ ಐದು ಸಲ ಇಲ್ಲಿಗೆ ಬಂದಿತ್ತು. ಕೆನ್ ಹ್ಯೂಸ್ಟನ್, ಓಟಿಸ್ ಟೇಲರ್‌ರಂಥ ಹೆಸರಾಂತ ವೃತ್ತಿಪರ ಆಟಗಾರರು ಇಲ್ಲಿಂದಲೇ ಹೋದವರು. ಅದೇ ತಂಡ 1989ರಿಂದ 1998ರವರೆಗೆ ಸತತ 80 ಪಂದ್ಯ ಸೋತಿತು.

ಕಾರಣ ದುಡ್ಡು. 1990ರಲ್ಲಿ ಆಟವನ್ನೇ ನಿಲ್ಲಿಸಿದರು. ಮರುವರ್ಷ ಮತ್ತೆ ಶುರುವಾಯಿತು, ಆದರೆ ಆಟಗಾರರಿಗೆ ಸ್ಕಾಲರ್‌ಶಿಪ್ ಇಲ್ಲ. ಎದುರಿಗೆ ಬರುವ ಗ್ರಾಂಬ್ಲಿಂಗ್, ಸದರ್ನ್, ಜಾಕ್ಸನ್ ಸ್ಟೇಟ್ ತಂಡಗಳಿಗೆ ಇತ್ತು. ಫೀಸು, ರೂಮು, ಊಟ ಸಿಗುವ ಕಡೆ ಬಿಟ್ಟು ಒಳ್ಳೆಯ ಆಟಗಾರ ಇಲ್ಲಿಗೇಕೆ ಬಂದಾನು? 1991ರ 11 ಪಂದ್ಯಗಳಲ್ಲಿ ಇವರು ಗಳಿಸಿದ್ದು 48 ಅಂಕ, ಬಿಟ್ಟುಕೊಟ್ಟದ್ದು 617.

ಅಮೆರಿಕನ್ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಾಟವಲ್ಲ. ಈ ಆಟದಲ್ಲಿ ಚೆಂಡು ಹಿಡಿದು ಮುನ್ನುಗ್ಗುವ ಹನ್ನೊಂದು ಜನ ಬೇರೆ, ತಡೆಯುವ ಹನ್ನೊಂದು ಜನ ಬೇರೆ. ಅವರ ಹಿಂದೆ ಬದಲಿ ಆಟಗಾರರ ಸಾಲೇ ಇರಬೇಕು. ಆಳು ಕಡಿಮೆಯಿದ್ದರೆ ಈಗಷ್ಟೇ ಬಿದ್ದವನೇ ನೆಲಕ್ಕೆ ಕೈಯೂರಿ ಏಳಬೇಕು, ಹೆಲ್ಮೆಟ್ ಸರಿಮಾಡಿಕೊಂಡು ಮತ್ತೆ ಅದೇ ಜಾಗದಲ್ಲಿ ಬಗ್ಗಿ ನಿಲ್ಲಬೇಕು. ಎದುರಿಗೆ ನಿಂತವನು ಆಗತಾನೇ ದಣಿವಾರಿಸಿಕೊಂಡು ಬಂದ ಹೊಸಬ. ನಾಲ್ಕನೇ ಕ್ವಾರ್ಟರ್, ಅಂದರೆ ಆಟದ ಕೊನೆಯ ಕಾಲುಭಾಗದ ಹೊತ್ತಿಗೆ ಏನಾಗುತ್ತದೆಂದು ನೀವೇ ಊಹಿಸಿ. ಸೋಲು ಖಚಿತವೆಂದು ಗೊತ್ತಿದ್ದೂ, ನಯಾಪೈಸೆ ಸಿಗದಿದ್ದರೂ ಶನಿವಾರ ಬಂದು ಹಾಗೆ ಬಗ್ಗಿ ನಿಲ್ಲುವುದು ಕೆಚ್ಚಲ್ಲದೆ ಇನ್ನೇನು?

ಇನ್ನು ಬ್ಯಾಂಡಿನ ಮಾತು. ಪ್ರೇರಿ ವ್ಯೂದ ‘ಮಾರ್ಚಿಂಗ್ ಸ್ಟಾರ್ಮ್’ ಹೆಸರಾಂತ ಬ್ಯಾಂಡು. ಅಂಥ ಕಾಲೇಜುಗಳಲ್ಲಿ ಮಧ್ಯಂತರದಲ್ಲಿ ಯಾರೂ ಎದ್ದು ಕಾಫಿಗೆ ಹೋಗುವುದಿಲ್ಲ; ಬ್ಯಾಂಡಿಗಾಗಿಯೇ ಬರುವವರಿದ್ದಾರೆ. 1998ರ ಸೆಪ್ಟೆಂಬರ್‌ನಲ್ಲಿ ಸದರ್ನ್ ವಿರುದ್ಧದ ಪಂದ್ಯದ ಮಧ್ಯಂತರದಲ್ಲಿ ಎರಡೂ ಬ್ಯಾಂಡುಗಳ ನಡುವೆ ಕೈಕೈ ಮಿಲಾಯಿಸಿತು. ಅದು ತಪ್ಪೇ, ನಾನು ಸಮರ್ಥಿಸಲಾರೆ. ಎರಡಕ್ಕೂ ಎರಡೆರಡು ಪಂದ್ಯಗಳ ನಿಷೇಧ ಬಿತ್ತು.

ಮುಂದಿನ ವಾರ, ಸೆಪ್ಟೆಂಬರ್ 26ರಂದು, ಒಕ್ಲಹೋಮ ಸಿಟಿಯಲ್ಲಿ ಪ್ರೇರಿ ವ್ಯೂ ತಂಡ ಲ್ಯಾಂಗ್‌ಸ್ಟನ್ ತಂಡವನ್ನು 14–12ರಿಂದ ಸೋಲಿಸಿತು. ಒಂಬತ್ತು ವರ್ಷಗಳ ಸೋಲು ಅಲ್ಲಿಗೆ ಮುಗಿಯಿತು. ಅಷ್ಟೂ ವರ್ಷ ಸೋಲಿನ ಪಕ್ಕದಲ್ಲಿ ನಿಂತು ನುಡಿಸಿದ್ದ ಬ್ಯಾಂಡು ಅವತ್ತು ಅಲ್ಲಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿಮ್ಮ ಮಗಳು ಹೋಗಲಿ, ಒಂದು ಶನಿವಾರವೂ ತಪ್ಪಿಸದಿರಲಿ. ಈ ವಾರ ಅವಳು ಫೋನ್ ಮಾಡಿದಾಗ ಸ್ಕೋರ್ ಬಿಟ್ಟು, ತಂಡದಲ್ಲಿ ಎಷ್ಟು ಹುಡುಗರಿದ್ದಾರೆ, ಎಷ್ಟು ಜನಕ್ಕೆ ಸ್ಕಾಲರ್‌ಶಿಪ್ ಇದೆ ಎಂದು ಕೇಳಿ. ಅವಳು ಏನು ಹೇಳಿದಳೆಂದು ನನಗೂ ಬರೆಯಿರಿ.

– ಸಂಪಾದಕ