ಮಾಮೂಲಿ ಹಕ್ಕಿಗಳನ್ನೇ ಬರೆದಿಡಿ

ಸಿರಾ ತಾಲ್ಲೂಕಿನ ಓದುಗರೊಬ್ಬರು ನೋಟ್‌ಬುಕ್ಕಿನ ಎರಡು ಪುಟ ಜೆರಾಕ್ಸ್ ಮಾಡಿಸಿ ಕಳಿಸಿದ್ದಾರೆ. ಜೊತೆಗೆ ಒಂದು ಪತ್ರ: "ಹನ್ನೊಂದು ವರ್ಷದಿಂದ ನಮ್ಮೂರ ಕೆರೆಯ ಹಕ್ಕಿಗಳನ್ನು ಬರೆದಿಡುತ್ತಿದ್ದೇನೆ. ಎಲ್ಲ ಮಾಮೂಲಿ ಹಕ್ಕಿಗಳೇ. ಕ್ಯಾಮೆರಾ ಇಲ್ಲ, ಇಂಗ್ಲಿಷ್ ಹೆಸರೂ ಗೊತ್ತಿಲ್ಲ. ಇದರಿಂದ ಯಾರಿಗಾದರೂ ಉಪಯೋಗ ಇದೆಯಾ, ಇಲ್ಲ ನಿಲ್ಲಿಸಿಬಿಡಲಾ?"

ದಯವಿಟ್ಟು ನಿಲ್ಲಿಸಬೇಡಿ. ಮಾಮೂಲಿ ಹಕ್ಕಿ ಅಂತ ಬೇಸರ ಮಾಡಿಕೊಂಡಿದ್ದೀರಲ್ಲ, ನಿಮ್ಮ ಪುಸ್ತಕದ ಬೆಲೆ ಇರುವುದೇ ಅಲ್ಲಿ.

ರಣಹದ್ದನ್ನೇ ನೋಡಿ. 1980ರ ದಶಕದಲ್ಲಿ ಅದೂ ಮಾಮೂಲಿ ಹಕ್ಕಿ. ಸತ್ತ ದನವನ್ನು ಊರಾಚೆ ಹಾಕಿದರೆ ಗುಂಪುಗುಂಪಾಗಿ ಬಂದು ಇಳಿಯುತ್ತಿದ್ದವು. ಆದರೆ ನಿಮ್ಮ ಊರಲ್ಲಿ ಎಷ್ಟಿದ್ದವು, ಯಾವ ವರ್ಷದಿಂದ ಬರಲಿಲ್ಲ ಅಂತ ಹಿರಿಯರನ್ನು ಕೇಳಿ ನೋಡಿ, "ತುಂಬಾ ಇದ್ದವಪ್ಪ" ಅನ್ನುತ್ತಾರೆ, ಅಷ್ಟೇ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಹೆಣದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಕಿಡ್ನಿ ಕೆಟ್ಟು ಸತ್ತವು. ದನಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಷ್ಟೇ ಉಳಿದಿತ್ತು. ಈ ಲೆಕ್ಕವಾದರೂ ಸಿಕ್ಕಿದ್ದು ಹೇಗೆ ಗೊತ್ತಾ? 1990ರ ದಶಕದ ಶುರುವಿನಲ್ಲಿ ಕೆಲವರು ರಸ್ತೆಯುದ್ದಕ್ಕೂ ಹೋಗುತ್ತಾ ಹದ್ದುಗಳನ್ನು ಎಣಿಸಿ ಬರೆದಿಟ್ಟಿದ್ದರು. 2000ದಲ್ಲೂ ಆಮೇಲೆ 2007ರಲ್ಲೂ ಅದೇ ದಾರಿಯಲ್ಲಿ ಮತ್ತೆ ಎಣಿಸಿದಾಗ ಎದೆ ಒಡೆಯುವಂಥ ವ್ಯತ್ಯಾಸ ಕಂಡಿತು. ಮೊದಲ ಎಣಿಕೆ ಇಲ್ಲದಿದ್ದರೆ ಆಮೇಲಿನದನ್ನು ಯಾವುದಕ್ಕೆ ಹೋಲಿಸುತ್ತಿದ್ದರು?

ಈಗ ಎಣಿಸುವವರು ಜಾಸ್ತಿ ಆಗಿದ್ದಾರೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳ ಬಗ್ಗೆ ಹೇಳುತ್ತದೆ, ಅದಕ್ಕೆ ಆಧಾರ ಸುಮಾರು ಮೂವತ್ತು ಸಾವಿರ ಹಕ್ಕಿ ನೋಡುವವರ ಪಟ್ಟಿಗಳು. ಅದರಲ್ಲಿ ನವಿಲು ಹೆಚ್ಚಾಗಿದೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗಿದೆ. ನೀಲಕಂಠ ಅಂದರೆ ಹೊಲದ ಬದುವಿನ ಕರೆಂಟ್ ತಂತಿ ಮೇಲೆ ದಿನಾ ಕೂರುವ ಹಕ್ಕಿ, ಅಲ್ವಾ? ಅಂಥದ್ದೇ ಜಾರಿಹೋಗುತ್ತಿದೆ ಅಂದಮೇಲೆ ಮಾಮೂಲಿ ಅನ್ನುವ ಮಾತಿಗೆ ಏನರ್ಥ?

ಇಂಗ್ಲಿಷ್ ಹೆಸರಿನ ಚಿಂತೆ ಬಿಡಿ. ಕೆಂಬೂತ, ರತ್ನಪಕ್ಷಿ, ಸಾಂಬಾರ್ ಕಾಗೆ, ಮೂರೂ ಒಂದೇ ಹಕ್ಕಿ. ಕುರಿ ಕಾಯುವವರು ಏನಂತಾರೋ ಅದನ್ನೂ ಪಕ್ಕದಲ್ಲಿ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಕೊಕ್ಕು, ಕಾಲು, ಕೂಗು ಹೇಗಿತ್ತು ಅಂತ ಬರೆದರೆ ಸಾಕು. ಊಹೆ ಮಾಡಿ ಹೆಸರು ಹಾಕಬೇಡಿ.

ಒಂದು ಕೊರತೆ ಮಾತ್ರ ಹೇಳಲೇಬೇಕು. ನಿಮ್ಮ ಪುಟದಲ್ಲಿ ತಾರೀಖಿದೆ, ಆದರೆ ಎಷ್ಟು ಗಂಟೆಯಿಂದ ಎಷ್ಟು ಹೊತ್ತು ನೋಡಿದಿರಿ ಅಂತ ಇಲ್ಲ. ಅದು ಬೇಕು. ಕೆರೆ ಒಣಗಿ ಒಂದು ಬೆಳ್ಳಕ್ಕಿಯೂ ಕಾಣದ ದಿನ ಸುಮ್ನೆ ವಾಪಸ್ ಬರುತ್ತೀರಿ ಅನ್ನಿಸುತ್ತದೆ, ಆ ದಿನವನ್ನೂ ಬರೆಯಿರಿ. ಹಳೇ ಪಟ್ಟಿಗಳನ್ನು, ಹಕ್ಕಿ ನೋಡುವವರು ತಮ್ಮ ಪಟ್ಟಿ ಸೇರಿಸುವ ವೆಬ್‌ಸೈಟ್ ಆದ ಇಬರ್ಡ್‌ಗೆ ಹಳೇ ತಾರೀಖಿನಲ್ಲೇ ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಊರಿನ ಕಾಲೇಜು ಹುಡುಗರು ಯಾರಾದರೂ ಕೂತು ತುಂಬಿಸಿಕೊಡುತ್ತಾರೆ. ಅದಕ್ಕೂ ಮುಂಚೆ ಪ್ರತಿ ಪುಟದ ಫೋಟೋ ತೆಗೆಸಿಡಿ, ಗೆದ್ದಲನ್ನು ನಂಬಬೇಡಿ.

ಇನ್ನು ಉಳಿಸುವ ಮಾತು. ನಿಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಅವುಗಳ ಜೊತೆ ಹೆಜ್ಜಾರ್ಲೆಯೂ (ಪೆಲಿಕನ್) ಇದೆ; ಆ ಊರನ್ನು 2007ರಲ್ಲಿ ಸಮುದಾಯ ಮೀಸಲು, ಅಂದರೆ ಊರಿನವರೇ ಸೇರಿ ಕಾಪಾಡುವ ಜಾಗ ಎಂದು ಘೋಷಿಸಿದರು. ಗೂಡಿರುವ ಮರದ ಹುಣಸೆಹಣ್ಣಿನ ಆಸೆ ಬಿಟ್ಟ ಮನೆಯವರಿಂದಲೇ ಹಕ್ಕಿ ಉಳಿದದ್ದು. ಯಾವ ಮರದಲ್ಲಿ ಎಷ್ಟು ಗೂಡು ಅಂತ ಬರೆದಿಟ್ಟಿದ್ದರೆ, ಮರ ಕಡಿಯುವ ಮಾತು ಬಂದ ದಿನ ಪಂಚಾಯ್ತಿ ಮುಂದೆ ಇಡಲು ಏನಾದರೂ ಕೈಯಲ್ಲಿರುತ್ತದೆ.

ನಿಮ್ಮ ಎರಡನೇ ಪುಟದ ಒಂದು ಸಾಲನ್ನು ನಾನು ಮತ್ತೆ ಮತ್ತೆ ಓದಿದೆ: "ಗೀಜಗ. ಬಾವಿ ಮೇಲಿನ ಜಾಲಿಯಲ್ಲಿ 14 ಗೂಡು. 3 ಅರ್ಧ." ಗಂಡು ಅರ್ಧ ನೇಯ್ದು ನಿಲ್ಲಿಸಿ, ಹೆಣ್ಣು ಬಂದು ನೋಡಿ ಒಪ್ಪಿದ ಮೇಲಷ್ಟೇ ಗಂಡು ಉಳಿದದ್ದನ್ನು ಮುಗಿಸುವುದು. ಆ ಮೂರು ಗೂಡು ಆಮೇಲೆ ಏನಾದವು? ಮುಂದಿನ ಪುಟದಲ್ಲಿ ಇರಬೇಕು, ಅದನ್ನೂ ಕಳಿಸಿ.