ಸೂಜಿ ಚುಚ್ಚಿದ್ದು ಹೇಳಿದರೆ ರಿಜಿಸ್ಟ್ರೇಷನ್ ಹೋಗುತ್ತಾ?

ಪ್ರಶ್ನೆ: ಮೇಡಂ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಒಂದು ನರ್ಸಿಂಗ್ ಹೋಮ್ ಸೇರಿದ್ದೇನೆ. ಮೊನ್ನೆ ನೈಟ್ ಡ್ಯೂಟಿಯಲ್ಲಿ, ರಕ್ತ ತೆಗೆದ ಸೂಜಿಗೆ ಕ್ಯಾಪ್ ಹಾಕುವಾಗ ಬೆರಳಿಗೆ ಚುಚ್ಚಿತು. ರಕ್ತ ಹಿಂಡಿ, ಸ್ಪಿರಿಟ್ ಹಚ್ಚಿ ಸುಮ್ಮನಾದೆ. ಹೇಳಿದರೆ ನರ್ಸಿಂಗ್ ಕೌನ್ಸಿಲ್‌ಗೆ (ನರ್ಸ್‌ಗಳನ್ನು ನೋಂದಾಯಿಸುವ ಮಂಡಳಿ) ದೂರು ಹೋಗಿ ರಿಜಿಸ್ಟ್ರೇಷನ್ ರದ್ದಾಗುತ್ತದೆ ಅಂತ ಜೊತೆಯವರು ಹೆದರಿಸುತ್ತಾರೆ. ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲಮ್ಮ, ಸೂಜಿ ಚುಚ್ಚಿತು ಅಂತ ಯಾರ ರಿಜಿಸ್ಟ್ರೇಷನ್ನೂ ರದ್ದಾಗುವುದಿಲ್ಲ. ಅದು ಕೆಲಸದಲ್ಲಾಗುವ ಅವಘಡ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ಪ್ರಕಾರ ಇಂಥ ಅಪಾಯದಲ್ಲಿರುವ ಸಿಬ್ಬಂದಿಗೆ ತಡೆ ಔಷಧಿ ಕೊಡಿಸುವ ಹೊಣೆ ಆಸ್ಪತ್ರೆಯದೇ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳು ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ಸೋಂಕು) ಮತ್ತು ಧನುರ್ವಾಯು ಲಸಿಕೆಯನ್ನೂ ಆಸ್ಪತ್ರೆಯೇ ಹಾಕಿಸಬೇಕು ಅನ್ನುತ್ತವೆ. ನಿಮಗೆ ಹಾಕಿಸಿದ್ದಾರಾ? ಮೊದಲು ಅದನ್ನು ಕೇಳಿ.

ಹಿಂಡಬಾರದಿತ್ತು, ಸ್ಪಿರಿಟ್ಟೂ ಬೇಡ. ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ತಕ್ಷಣ ಡಾಕ್ಟರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ, ಶುರು ಮಾಡಿದ ಮೇಲೆ 28 ದಿನ ತಪ್ಪದೆ ನುಂಗಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಈ ಉತ್ತರ ಅಚ್ಚಾಗುವ ಹೊತ್ತಿಗೆ ನಿಮ್ಮ ಆ ಅವಧಿ ಮುಗಿದಿರುತ್ತದೆ, ಆದರೂ ಈಗಲೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ ಮತ್ತೆ ಮಾಡಿಸಿ.

ಗಾಬರಿಯಾಗಬೇಡಿ. ರೋಗಿಗೆ ಎಚ್‌ಐವಿ ಇದ್ದರೂ ಒಂದು ಚುಚ್ಚಿನಿಂದ ಹರಡುವುದು ಸಾವಿರದಲ್ಲಿ ಸುಮಾರು ಮೂರು ಸಲ. ನನಗೆ ಜಾಸ್ತಿ ಚಿಂತೆ ಹೆಪಟೈಟಿಸ್ ಬಿ ಬಗ್ಗೆ, ಯಾಕಂದ್ರೆ ರೋಗಿಗೆ ಅದಿದ್ದು ನೀವು ಲಸಿಕೆ ಹಾಕಿಸಿಕೊಳ್ಳದಿದ್ದರೆ ಅಪಾಯ ನೂರಕ್ಕೆ 30ರವರೆಗೂ ಹೋಗುತ್ತದೆ. ಎಲ್ಲರೂ ಎಚ್‌ಐವಿ ಹೆಸರಿಗೇ ಬೆಚ್ಚುತ್ತಾರೆ, ಇದನ್ನು ಕೇಳುವವರೇ ಇಲ್ಲ!

ಇನ್ನು, ಬಳಸಿದ ಸೂಜಿಗೆ ಕ್ಯಾಪ್ ಹಾಕುವ ಅಭ್ಯಾಸ ಇವತ್ತೇ ಬಿಡಿ. ನೇರ ಚೂಪು ವಸ್ತುಗಳ ಬಿಳಿ ಡಬ್ಬಿಗೆ ಹಾಕಿ. ಡಬ್ಬಿ ವಾರ್ಡಿನ ಆ ತುದಿಯಲ್ಲಿದ್ದರೆ ಟ್ರಾಲಿ ಮೇಲೆ ಇಡಿಸಿಕೊಳ್ಳಿ, ನೈಟ್ ಡ್ಯೂಟಿಯಲ್ಲಿ ಸೂಜಿ ಹಿಡಿದು ಯಾರು ಓಡಾಡುತ್ತಾರೆ ಅಲ್ವಾ?

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮಾಡಿ ಕರ್ನಾಟಕದಲ್ಲಿ ರಿಜಿಸ್ಟರ್ ಆಗಿದ್ದೇನೆ. ಮುಂಬೈಯಲ್ಲಿ ಕೆಲಸ ಸಿಕ್ಕಿದೆ. ಇದೇ ಸಾಕಾ? 'ಟೈಟರ್ ರಿಪೋರ್ಟ್' ಬೇರೆ ಕೇಳಿದ್ದಾರೆ.
– ಓದುಗರು, ಮಂಗಳೂರು

ಉತ್ತರ: ಸಾಲದು. ನಮ್ಮ ರಾಜ್ಯದ ಕೌನ್ಸಿಲ್‌ನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ, ಕೆಲಸಕ್ಕೆ ಸೇರುವ ತಾರೀಕು ಒಪ್ಪಿಕೊಳ್ಳುವ ಮುಂಚೆಯೇ ಅರ್ಜಿ ಹಾಕಿ. ಟೈಟರ್ ಅಂದರೆ ಹೆಪಟೈಟಿಸ್ ಬಿ ಲಸಿಕೆ ನಿಮ್ಮ ಮೈಗೆ ಹತ್ತಿದೆಯೋ ಇಲ್ಲವೋ ನೋಡುವ ರಕ್ತ ಪರೀಕ್ಷೆ. 0, 1, 6 ತಿಂಗಳ ಮೂರು ಡೋಸ್ ಮುಗಿದು ಒಂದೆರಡು ತಿಂಗಳಿಗೆ ಮಾಡಿಸುತ್ತಾರೆ, ರಿಪೋರ್ಟ್‌ನಲ್ಲಿ 10 mIU/mL ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿ. ಕಡಿಮೆ ಬಂದರೆ ಲಸಿಕೆ ಮತ್ತೆ ಹಾಕಿಸಿಕೊಂಡು ಇನ್ನೊಮ್ಮೆ ನೋಡಿಸಿ.